ಆರಡಿಯ ಅಳತೆ

ಇದು ನಡೆದ ಕತೆ. ನಂಬಿಕೆ ಬಾರದಿದ್ದರೆ ಟೇಪು ತಂದು ಅಳೆಯಬಹುದು.

ಟೈಲರನಿಗೆ ಬ್ಯಾಂಕುಗಳು ಮನೆಸಾಲ ಕೊಡಲಿಲ್ಲ. ಹೊಲಿಗೆ ಯಂತ್ರ ಸಂಬಳದ ಚೀಟಿ ಹೊಲಿದುಕೊಡುತ್ತದೆಯೇ? ಕೊನೆಗೆ ಕೈಹಿಡಿದವನು ಸಾಲದ ಏಜೆಂಟ್. ಎತ್ತರದಿಂದಾಗಿ ಎಲ್ಲರಿಗೂ ಅವನು 'ಆರಡಿ'. ಇಲ್ಲದ ಆದಾಯಕ್ಕೆ ಕಾಗದ ಹುಟ್ಟಿಸಿ, ಖಾಸಗಿ ಫೈನಾನ್ಸ್ ಕಂಪನಿಯೊಂದರಲ್ಲಿ ಸಾಲ ಮಂಜೂರು ಮಾಡಿಸಿದ. ಗೋಡೆ ಎದ್ದಷ್ಟೇ ಹಣ ಬಿಡುವ ಕಂಪನಿ. ಪ್ರತಿ ಕಂತು ಬಂದಾಗಲೂ ಆರಡಿ ಪ್ರತ್ಯಕ್ಷನಾಗಿ ಮ್ಯಾನೇಜರನ ಮೂಗುದನಿಯನ್ನು ಅಣಕಿಸುತ್ತಿದ್ದ: "ಟೈಲರ್ ಅವ್ರೇ, ನಿಮ್ ಕಾಗದ ಸುಳ್ಳಂತಲ್ಲಾ? ಮನೆ ಹರಾಜು ಹಾಕ್ಲಾ?" ಗಹಗಹಿಸಿ ಕೈಚಾಚುತ್ತಿದ್ದ.

ಈ ಸಲ ಕೇಳಿದ್ದು ಮನೆಯ ಮುಂಭಾಗದ ಅಂಗಡಿ ಕೋಣೆಯನ್ನೇ. "ನನ್ನ ಹೆಸರಿಗೆ ಬರ್ಕೊಡಣ್ಣಾ. ಇಲ್ಲಾಂದ್ರೆ ನಿಜವಾದ ಮೂಗೇ ಫೋನ್ ಮಾಡುತ್ತೆ."

ಯಂತ್ರ ಎಲ್ಲಿರಬೇಕೆಂದು ಟೈಲರನ ಹೆಂಡತಿ ಆ ಕೋಣೆಯ ನೆಲದಲ್ಲಿ ಸೀಮೆಸುಣ್ಣದ ಗುರುತು ಹಾಕಿಯಾಗಿತ್ತು.

ಟೈಲರ್ ಕಣ್ಣಲ್ಲೇ ಅಳತೆ ತೆಗೆದ. ಭುಜ ಹತ್ತೊಂಬತ್ತು ಇಂಚು. ಮಡಚಿದರೆ ಉದ್ದ ನಾಲ್ಕಡಿಯೊಳಗೆ. ಮನೆಯ ಮುಂದೆ ನೀರಿನ ಸಂಪು ಇನ್ನೂ ಮುಚ್ಚಳವಿಲ್ಲದೆ ಬಾಯಿ ತೆರೆದಿತ್ತು. ಕಂಪನಿಯ ಎಂಜಿನಿಯರ್ ಅದನ್ನು ಎರಡು ತಿಂಗಳ ಹಿಂದೆಯೇ ಪಾಸು ಮಾಡಿದ್ದ. ಬಾಕಿಯಿದ್ದದ್ದು ಬಾಗಿಲು, ಕಿಟಕಿ. ತಳ ಎರಡಡಿ ಮೇಲೆದ್ದರೆ ಯಾರಿಗೇನು? ನೀರು ತುಂಬಿದ ಮೇಲೆ ಆಳ ಕೇಳುವವರಾರು? ಅರ್ಧ ಊರಿನಿಂದ ಮುಂಗಡ ತಿಂದಿದ್ದ ಆರಡಿ ಕಾಣೆಯಾದರೆ, ಓಡಿಹೋದ ಎಂದೇ ಎಲ್ಲರೂ ಶಪಿಸುತ್ತಾರೆ.

ಭಾನುವಾರ ಮಧ್ಯಾಹ್ನ, ಮೇಸ್ತ್ರಿಗೆ ರಜೆ. ಕಾಗದ ಬರೆಯೋಣವೆಂದು ಟೈಲರ್ ಕರೆದ. ಆರಡಿ ಸೀಮೆಸುಣ್ಣದ ಗುರುತಿನತ್ತ ಬಗ್ಗಿದ. ಹಾರೆ ಹಿಂದಲೆಗೆ ಬಿತ್ತು. ಸಾಯಲಿಲ್ಲ, ತಿರುಗಿ ಟೈಲರನ ಪಾದ ಹಿಡಿದು ಹಲ್ಲೂರಿದ. ಎರಡನೆಯ ಏಟಿಗೆ ದವಡೆ ಕಿತ್ತುಬಂತು. ಮೂರನೆಯದು ಬೇಕಿರಲಿಲ್ಲ, ಆ ಮೂಗುದನಿಗೆಂದು ಹಾಕಿದ. ಮಂಡಿ ಮಡಚದಿದ್ದಾಗ ಎರಡನ್ನೂ ಮುರಿದು ಆಲ್ಟರೇಷನ್ ಮಾಡಿದ. ಜಲ್ಲಿ, ಮರಳು, ಸಿಮೆಂಟು. ಮೇಲೆ ಇಸ್ತ್ರಿ ಹಾಕಿದಂಥ ನುಣುಪು. ಸತ್ತವನ ಫೋನು ದೂರದೂರಿನ ಲಾರಿಯೊಂದರ ಮರಳಿನಲ್ಲಿ ಹೊರಟುಹೋಯಿತು.

ಹನ್ನೆರಡನೆಯ ದಿನ ಕೊನೆಯ ಕಂತಿಗಾಗಿ ಎಂಜಿನಿಯರ್ ಬಂದ.

"ಆರಡಿ ಎಲ್ರೀ? ಫೋನೇ ಸಿಗ್ತಿಲ್ಲ."

"ಓಡಿಹೋದ ಅಂತಾರೆ ಸರ್."

ಎಂಜಿನಿಯರ್ ಬಾಗಿಲು ತಟ್ಟಿದ, ಕಿಟಕಿ ಎಣಿಸಿದ, ಪೆನ್ನು ತೆಗೆದ. "ಎಲ್ಲಾ ಸರಿ ಇದೆ. ಹಳೇ ಫೋಟೊಗಳನ್ನೆಲ್ಲ ಅದೇ ಜಾಗದಿಂದ ಇನ್ನೊಂದ್ಸಲ ತೆಗೀಬೇಕು, ಕಂಪನಿ ರೂಲು. ಸ್ವಲ್ಪ ಸಂಪಿಗೆ ಇಳೀತೀರಾ?"

"ನಾನ್ಯಾಕೆ ಸರ್?"

"ಹಳೇ ಫೋಟೊದಲ್ಲೂ ಒಬ್ಬರು ನಿಂತಿದ್ರು."

ಟೈಲರ್ ಇಳಿದ. ಎಂಜಿನಿಯರ್ ಫೋನು ನೋಡಿದ, ಅವನನ್ನು ನೋಡಿದ, ಮತ್ತೆ ಫೋನು ನೋಡಿದ. ಮೇಸ್ತ್ರಿಯೂ ಇಣುಕಿ ಗದರಿದ: "ಯಾರ್ರೀ ಇದು, ನಾನು ಹಾಕಿದ ತಳದ ಮೇಲೆ ಕೈಯಾಡಿಸಿದ್ದು?" ಹಾರೆ ಹುಡುಕಲು ಹೊರಟ.

ಎರಡು ತಿಂಗಳ ಹಿಂದೆ, ಟೈಲರ್ ಎಲ್ಲರಿಗೂ ಚಹಾ ತರಲು ಹೋಗಿದ್ದಾಗ, ಎಂಜಿನಿಯರ್ ಟೇಪು ಮರೆತು ಬಂದಿದ್ದ. ಅಳತೆಗೆಂದು ಏಜೆಂಟನೇ ಸಂಪಿಗೆ ಹಾರಿದ್ದ. ಎಂಜಿನಿಯರ್ ಈಗ ಆ ಫೋಟೊವನ್ನು ಕೆಳಗೆ ಹಿಡಿದು ತೋರಿಸಿದ. ಆರಡಿಯ ನೆತ್ತಿ ಸಂಪಿನ ಅಂಚಿಗಿಂತ ಗೇಣು ಕೆಳಗಿತ್ತು. ಐದೂಕಾಲು ಅಡಿಯ ಟೈಲರನ ತಲೆ ಮೂಗಿನವರೆಗೂ ಅಂಚಿನ ಮೇಲೆ. ಫೋಟೊದಲ್ಲಿ ಸುತ್ತ ನಿಂತವರೆಲ್ಲ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ, ದವಡೆ ಕಿತ್ತುಬರುವ ಹಾಗೆ, ಸಂಪಿನ ತಳದಲ್ಲಿದ್ದವನು.