ಈರಿ ಇಟ್ಟ ಎದುರು ಬಟ್ಟಲು

ಬಹಳ ಹಿಂದೆ, ಮರಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಮುತ್ತಿಗೆನಾಡೆಂಬ ರಾಜ್ಯವಿತ್ತು. ಅಲ್ಲಿ ಈರಿ ಎಂಬ ಕುಂಬಾರರ ಹೆಣ್ಣು ಬೆಳಗ್ಗೆ ಮಡಕೆ ಮಾಡುತ್ತಿದ್ದಳು, ಹೊತ್ತು ಇಳಿದ ಮೇಲೆ ದ್ಯಾವಕ್ಕನ ಹೆಂಡದಂಗಡಿಯಲ್ಲಿ ಎರೆಯುತ್ತಿದ್ದಳು. ಅರ್ಧ ದಿನದ ಕೆಲಸವೆಂದು ಮೂಗು ಮುರಿಯುವವರು ಮುರಿಯಲಿ. ಯಾರಿಗೆ ಇನ್ನೊಂದು ಬಟ್ಟಲು, ಯಾರಿಗೆ ಮನೆಯ ದಾರಿ ಎಂದು ಮುಖ ನೋಡಿಯೇ ಹೇಳುವ ಜಾಣೆ ಆ ಸೀಮೆಯಲ್ಲಿ ಇನ್ನೊಬ್ಬಳಿರಲಿಲ್ಲ.

ಒಂದು ಬೆಳಗ್ಗೆ ಉರಿಗಣ್ಣನೆಂಬ ಮಾಂತ್ರಿಕ ಆ ಅಂಗಡಿಗೆ ಬಂದು ಕೂತ. ಎಷ್ಟು ಎರೆದರೂ ಅವನ ದಾಹ ತೀರಲಿಲ್ಲ. ಸಿಟ್ಟಿಗೆದ್ದು, ಕೈಲಾಗದ ಮೃಗಗಳೆಂದು ಬೈದು, ಎರೆಯುವವರನ್ನು ಮೃಗಗಳನ್ನಾಗಿಯೇ ಮಾಡಿದ. ಒಬ್ಬ ಟಗರಾದ, ಇನ್ನೊಬ್ಬ ಕರಿಮೂತಿಯ ಮುಸುವನಾದ. ಅಲ್ಲೇ ಎರೆಯುತ್ತಿದ್ದ ಈರಿಯ ಅಣ್ಣ ಬೊಮ್ಮಣ್ಣ ಕರಡಿಯಾದ. ಮಡಕೆ ಬಿಟ್ಟು ಓಡಿಬಂದ ಈರಿ ಅಣ್ಣನ ಕೊರಳು ತಬ್ಬಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮೂರು ದಿನದೊಳಗೆ ತನ್ನ ಬಾಯಿಂದ ‘ಸಾಕು’ ಎನಿಸದಿದ್ದರೆ ಇವರು ಸಾಯುವತನಕ ಮೃಗಗಳೇ ಎಂದ ಮಾಂತ್ರಿಕ.

ಮೊದಲ ದಿನ ಈಚಲ ಹೆಂಡ ಎರೆದಳು. ನೂರು ಕೊಡ ಬರಿದಾದರೂ ಅವನು ಸಾಕೆನ್ನಲಿಲ್ಲ. ಎರಡನೆಯ ದಿನ ಇಪ್ಪೆಹೂವಿನ ಸಾರಾಯಿ ಎರೆದಳು. ಇನ್ನೂರು ಕೊಡ ಬರಿದಾದರೂ ಅವನು ಸಾಕೆನ್ನಲಿಲ್ಲ. ಆದರೆ ಈರಿಯ ಕಣ್ಣು ಕೊಡದ ಮೇಲಿರಲಿಲ್ಲ, ಕುಡಿಯುವವನ ಮೇಲಿತ್ತು. ಪ್ರತಿ ಗುಟುಕಿಗೂ ಮುಂಚೆ ಅವನು ಎದುರಿನ ಖಾಲಿ ಚಾಪೆ ನೋಡುತ್ತಿದ್ದ. ಆಗ ಅವಳಿಗೆ ತಪ್ಪು ಹೊಳೆಯಿತು.

ಒಬ್ಬನೇ ಬಂದವನ ಎದುರು ಇನ್ನೊಂದು ಬಟ್ಟಲಿಡುವುದು ಆ ನಾಡಿನಲ್ಲಿ ಎರೆಯುವವರ ನೇಮ. ಕುಡಿಯುವವನು ಯಾರನ್ನಾದರೂ ನೆನೆದು, ಅವರ ಬಗ್ಗೆ ಒಂದು ಒಳ್ಳೆಯ ಮಾತಾಡಿ ಕುಡಿಯಬೇಕು. ಆ ಬಟ್ಟಲಿಡದೆ ಎರೆದರೆ ಸಮುದ್ರ ಕುಡಿದರೂ ದಾಹ ತೀರದು. ಮಾಂತ್ರಿಕನ ಹೆದರಿಕೆಯಲ್ಲಿ ಎಲ್ಲರೂ ಅದನ್ನು ಮರೆತಿದ್ದರು, ಈರಿಯೂ ಮರೆತಿದ್ದಳು.

ಮೂರನೆಯ ದಿನ ಅವಳು ಎದುರು ಬಟ್ಟಲಿಟ್ಟು, ಯಾರ ಹೆಸರಿಗೆ ಎರೆಯಲಿ ಎಂದು ಕೇಳಿದಳು. ತನಗೆ ಯಾರೂ ಇಲ್ಲ ಎಂದ ಉರಿಗಣ್ಣ.

“ಹಂಗಾದ್ರೆ ನಮ್ಮಣ್ಣನ ಹೆಸರಿಗೆ ಎರೀತೀನಿ ಸ್ವಾಮಿ. ಅವನ ಬಗ್ಗೆ ಒಂದು ಒಳ್ಳೆ ಮಾತಾಡಿ.”

“ನಿನ್ನನ್ನೂ ಕರಡಿ ಮಾಡ್ತೀನಿ.”

“ಮಾಡಿ. ಆಮೇಲೆ ನಿಮಗೆ ಎರೆಯೋರು ಯಾರು?”

ಅವಳು ಹೂಜಿ ಎತ್ತಿ ಹಿಡಿದೇ ನಿಂತಳು. ಎಂಥ ಗಟ್ಟಿಗಿತ್ತಿ ನೋಡಿ! ಮಾಂತ್ರಿಕನ ಗಂಟಲು ಉರಿಯುತ್ತಿತ್ತು. ಅವನು ಬಾಗಿಲಲ್ಲಿ ಕಟ್ಟಿದ್ದ ಕರಡಿಯತ್ತ ತಿರುಗಿದ.

“ನನಗೆ ಹೆದರಿ ಅವನ ಕೈ ನಡುಗ್ತಿತ್ತು. ಆದರೂ ಒಂದು ಹನಿ ಚೆಲ್ಲಲಿಲ್ಲ. ಒಳ್ಳೆ ಕೆಲಸಗಾರ.”

ಬೈದ ಬಾಯೇ ಹೊಗಳಿದ್ದರಿಂದ ಬೊಮ್ಮಣ್ಣನ ಮೇಲಿನ ಶಾಪ ಮುರಿಯಿತು. ಕರಡಿಯ ತೊಗಲು ಕಳಚಿ ಬಿತ್ತು, ಅವನು ಎದ್ದು ನಿಂತ. ಹೊಡೆಯುತ್ತಾನೆಂದು ಮಾಂತ್ರಿಕ ಕೈ ಅಡ್ಡ ಹಿಡಿದ. ಬೊಮ್ಮಣ್ಣ ತಂಗಿಯ ಕೈಯಿಂದ ಹೂಜಿ ತೆಗೆದುಕೊಂಡು ಅವನ ಬಟ್ಟಲಿಗೆ ಎರೆದ.

ಉರಿಗಣ್ಣ ಅರ್ಧ ಕುಡಿದ. ಅವನ ಕಣ್ಣಲ್ಲಿ ನೀರು ಬಂತು.

“ಸಾಕು, ತಮ್ಮಾ” ಎಂದ.

ಹಾಗೆಂದದ್ದೇ ತಡ, ಟಗರು, ಮುಸುವ ಮನುಷ್ಯರಾದರು, ಮಾಂತ್ರಿಕನ ಮಂತ್ರವೆಲ್ಲ ಇಳಿದುಹೋಯಿತು. ಸುದ್ದಿ ಕೇಳಿದ ಅರಸ ಈರಿಯನ್ನು ಅರಮನೆಯಲ್ಲಿ ದಿನವಿಡೀ ಎರೆಯಲು ಕರೆದ. ಬೆಳಗಿನ ಹೊತ್ತು ಮಡಕೆ ಮಾಡುವ ತಿಗರಿಯದು, ಬೇಕಾದರೆ ಅರಸರೇ ಅಂಗಡಿಗೆ ಬರಲಿ ಎಂದಳು ಅವಳು. ಅರಸ ಬಂದ, ಎಲ್ಲರ ಜೊತೆ ಸಾಲಿನಲ್ಲಿ ಕೂತ, ಮುತ್ತಿಗೆನಾಡು ತಣ್ಣಗಿತ್ತು.