ಕೊಟ್ಟಿಗೆಯ ನೀಲಿ ಕ್ಯಾನು

"ಮುಟ್ಟಬೇಡಿ!"

ಬೊಬ್ಬೆ ಕೇಳಿಸಿದ್ದೇ ತಡ, ಯಾರೋ ಮೋಕ್ಷಿತಾಳ ಮಣಿಕಟ್ಟು ಹಿಡಿದು ಹಿಂದಕ್ಕೆ ಎಳೆದರು. ಅವಳ ಕೈಯಲ್ಲಿದ್ದ ಬಟ್ಟೆ ಕುಂಬ್ರದ ರಸ್ತೆಯ ಮೇಲೆ ಬಿತ್ತು.

ತಿರುಗಿ ನೋಡಿದರೆ... ಗ್ರೀಸು ಮೆತ್ತಿದ ಅಂಗಿಯ ಯುವಕ!

"ಕೈ ಬಿಡಿ ಮೊದಲು!"

"ಬಿಡ್ತೇನೆ. ನೀವು ಆ ಮುಚ್ಚಳ ಬಿಡಿ. ಕುದಿಯುವ ರೇಡಿಯೇಟರು ತೆಗೆದ್ರೆ ಬಿಸಿನೀರು ಸೀದಾ ಮುಖಕ್ಕೆ ಹಾರ್ತದೆ ಮಾರಾಯ್ರೆ. ಆಮೇಲೆ ಎಲ್ಲಿಗೆ ಹೋಗುದು?"

"ಪುತ್ತೂರಿಗೆ!" ಅವಳ ಸ್ವರ ಒಡೆಯಿತು. "ಒಂಬತ್ತೂವರೆಗೆ ಅಪ್ಪನ ಡಯಾಲಿಸಿಸ್ ಉಂಟು. ಈಗಲೇ ಒಂಬತ್ತು ಆಯ್ತು. ನಾನು ಎಂತ ಮಾಡುದು? ಹೇಳಿ, ಎಂತ ಮಾಡುದು?"

ಯುವಕ ಕಾರಿನ ಒಳಗೆ ಬಗ್ಗಿ ನೋಡಿದ. ಹಿಂದಿನ ಸೀಟಿನಲ್ಲಿ ಅವಳ ಅಪ್ಪ ಬೋಜಪ್ಪ ಒರಗಿ ಕುಳಿತಿದ್ದರು. ಕಾಲು ಊದಿಕೊಂಡಿತ್ತು, ಉಸಿರು ಮೇಲೆ ಮೇಲೆ ಬರುತ್ತಿತ್ತು. ಯುವಕನ ಮುಖದ ತಮಾಷೆ ಅಲ್ಲಿಗೇ ನಿಂತಿತು.

"ಹತ್ತು ನಿಮಿಷ ಕೊಡಿ. ಎದುರಿನ ಗ್ಯಾರೇಜು ನನ್ನದೇ. ಹೆಸರು ಸುಜಯ್."

ಅವನು ಇಂಜಿನಿನ ಕಡೆಗೆ ಕಿವಿ ಕೊಟ್ಟು ನಿಂತ. ನಿಜವಾಗಿಯೂ ಕಿವಿ ಕೊಟ್ಟು! ಮೋಕ್ಷಿತಾಳಿಗೆ ಸಿಟ್ಟು ನೆತ್ತಿಗೇರಿತು. 'ಇಲ್ಲಿ ನನ್ನ ಜೀವ ಹೋಗ್ತಾ ಉಂಟು, ಇವನಿಗೆ ಸಂಗೀತ ಕೇಳುವ ಹಾಗೆ!'

"ಫ್ಯಾನ್ ತಿರುಗ್ತಾ ಇಲ್ಲ. ಅದಕ್ಕೆ ಕರೆಂಟು ಕೊಡುವ ರಿಲೇ ಹೋಗಿದೆ," ಎಂದ ಅವನು. ಪೆಟ್ಟಿಗೆಯಿಂದ ಬೆಂಕಿಪೊಟ್ಟಣಕ್ಕಿಂತ ಸಣ್ಣದೊಂದು ಕಪ್ಪು ತುಂಡನ್ನು ಕಿತ್ತು ಇನ್ನೊಂದು ಕಡೆ ಚುಚ್ಚಿದ. ಫ್ಯಾನ್ ಗುರ್ ಎಂದು ತಿರುಗಿತು. "ಹಾರ್ನಿನದ್ದು ತೆಗೆದು ಫ್ಯಾನಿಗೆ ಹಾಕಿದ್ದೇನೆ. ಪುತ್ತೂರು ಮುಟ್ಟುವವರೆಗೆ ಹಾರ್ನ್ ಇಲ್ಲ."

"ಹಾರ್ನ್ ಇಲ್ಲದೆ ಪೇಟೆಯಲ್ಲಿ ಹೇಗೆ..."

"ನಾನು ಬೈಕಲ್ಲಿ ಮುಂದೆ ಹೋಗ್ತೇನೆ. ನಿಮ್ಮ ಪಾಲಿನ ಹಾರ್ನ್ ಕೂಡ ನಾನೇ ಹಾಕ್ತೇನೆ."

ಹಾಗೆಯೇ ಮಾಡಿದ ಪುಣ್ಯಾತ್ಮ! ಆಸ್ಪತ್ರೆಯ ಗೇಟಿನವರೆಗೂ ಪೀಂ ಪೀಂ ಎನ್ನುತ್ತಾ ಮದುವೆ ದಿಬ್ಬಣದ ಹಾಗೆ ದಾರಿ ಬಿಡಿಸಿದ. ಅಪ್ಪನನ್ನು ಮಂಚಕ್ಕೆ ಸೇರಿಸಿ ಹೊರಗೆ ಬಂದಾಗಲೇ ಅವಳಿಗೆ ಅಳು ಬಂದದ್ದು. ಅಷ್ಟರಲ್ಲಿ ಅವನು ಹೋಗಿಯಾಗಿತ್ತು. ವೈಪರಿನ ಕೆಳಗೆ ಒಂದು ಚೀಟಿ, ಅದರಲ್ಲಿ ಫೋನ್ ನಂಬರು.

ಮೋಕ್ಷಿತಾಳ ಮನೆ ಸಂಪಾಜೆಯ ಒಳಗಡೆ. ಅಮ್ಮ ತೀರಿಕೊಂಡು ಎರಡು ವರ್ಷ. ಮನೆಯಲ್ಲಿ ರವಿಕೆ ಹೊಲಿಯುತ್ತಾ ಅಪ್ಪನನ್ನು ನೋಡಿಕೊಳ್ಳುವ ಅವಳಿಗೆ ಸೋಮವಾರ, ಗುರುವಾರ ಬಂದರೆ ಡಯಾಲಿಸಿಸಿನ ಚಿಂತೆ. ಹತ್ತಿರದ ಕೇಂದ್ರದಲ್ಲಿ ಮಂಚ ಸಿಗದೆ ಪುತ್ತೂರಿಗೇ ಹೋಗಬೇಕು. ಅಪ್ಪನಿಗೆ ಬಸ್ಸಿನ ದಾರಿಯವರೆಗೆ ನಡೆಯಲಿಕ್ಕೆ ಆಗದು. ಅಲ್ಲಿರುವ ಒಂದೇ ಆಟೋ ಶಾಲೆಯ ಮಕ್ಕಳಿಗೆ. ಉಳಿದದ್ದು ಹದಿನಾರು ವರ್ಷದ ಈ ಮುದಿ ಕಾರು.

ಕಾರು ನಿಂತರೆ ಅಪ್ಪ ಇಲ್ಲ. ಅಷ್ಟೇ ಲೆಕ್ಕ.

ಮುಂದಿನ ಸೋಮವಾರ ಕೀ ತಿರುಗಿಸಿದರೆ ಟಿಕ್ ಟಿಕ್ ಮಾತ್ರ! ಚೀಟಿ ಹುಡುಕಿ ಆ ನಂಬರಿಗೆ ಕರೆ ಮಾಡಿದಳು.

"ಫೋನನ್ನು ಇಂಜಿನ್ ಹತ್ತಿರ ಹಿಡಿದು ಇನ್ನೊಮ್ಮೆ ತಿರುಗಿಸಿ... ಹಾಂ, ಕೇಳಿತು. ಬ್ಯಾಟರಿಯ ಕಡ್ಡಿಗಳಲ್ಲಿ ಬಿಳಿ ಹುಡಿ ಉಂಟಾ ನೋಡಿ."

"ಉಂಟು! ರಾಶಿ ಉಂಟು!"

"ಕೀ ತೆಗೆದಿಡಿ. ಮೊದಲು ಕಪ್ಪು ವಯರು ಬಿಚ್ಚಿ, ಆಮೇಲೆ ಕೆಂಪು. ಬಿಸಿನೀರಿಗೆ ಸೋಡಾಹುಡಿ ಹಾಕಿ ಹಳೆ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ. ಒರೆಸಿ, ಮೊದಲು ಕೆಂಪನ್ನೇ ಸಿಕ್ಕಿಸಿ. ಹೆದರಬೇಡಿ, ನಾನು ಫೋನಲ್ಲೇ ಇರ್ತೇನೆ."

ಕಾರು ಸ್ಟಾರ್ಟ್ ಆಯಿತು. ಅವಳು ಅಂಗಳದಲ್ಲೇ ಕುಣಿದಳು!

ಆಮೇಲೆ ಅದೇ ರೂಢಿಯಾಯಿತು. ಪ್ರತಿ ಭಾನುವಾರ ಬಾನೆಟ್ ತೆಗೆದು ಇಂಜಿನಿನ ಸದ್ದನ್ನು ರೆಕಾರ್ಡ್ ಮಾಡಿ, ಕೊನೆಗೆ 'ಕೇಳಿತಾ?' ಎಂದು ಸೇರಿಸಿ ಅವನಿಗೆ ಕಳುಹಿಸುವುದು, ಅವನು ಕೇಳಿ ಉತ್ತರ ಕೊಡುವುದು. ಕೀಂಯ್ ಎಂದರೆ ಬೆಲ್ಟ್ ಸಡಿಲ. ಬ್ರೇಕ್ ಒತ್ತಿದಾಗ ಕರಕರ ಎಂದರೆ ಪ್ಯಾಡ್ ತೇದಿದೆ. ಒಂದು ಭಾನುವಾರ ಅವನು ಹೇಳಿದ: "ಕಾರಿಗೆ ಎಂತದೂ ಇಲ್ಲ. ನಿಮಗೇ ಶೀತ ಆಗಿದೆ. ಸ್ವರ ಕೇಳಿದ್ರೆ ಗೊತ್ತಾಗ್ತದೆ."

ಮೋಕ್ಷಿತಾ ಆ ಒಂದು ಸಂದೇಶವನ್ನು ಎಷ್ಟು ಸಲ ಕೇಳಿದಳೋ, ಅವಳಿಗೇ ಗೊತ್ತಿಲ್ಲ.

ಮೇ ತಿಂಗಳಲ್ಲಿ ಸುಜಯ್ ಮನೆಗೇ ಬಂದ. ರೇಡಿಯೇಟರಿನ ಹಳೆಯ ನೀರು ಚೆಲ್ಲಿ, ಇಂಜಿನ್ ತಣ್ಣಗಿಡುವ ನೀಲಿ ಕೂಲೆಂಟ್ ತುಂಬಿಸಿದ. ಉಳಿದ ಅರ್ಧ ಕ್ಯಾನನ್ನು ಕೊಟ್ಟಿಗೆಯಲ್ಲಿಟ್ಟು ಬೋಜಪ್ಪರಿಗೆ ತೋರಿಸಿದ: "ಇಲ್ಲಿ ಬದಿಯಲ್ಲಿ ಬಾಟ್ಲಿ ಉಂಟಲ್ಲಾ, ಇದರಲ್ಲಿ ಗೀಟಿಗಿಂತ ಕಮ್ಮಿ ಆದ್ರೆ ಸ್ವಲ್ಪ ಹಾಕಿದ್ರಾಯ್ತು. ದೊಡ್ಡ ಮುಚ್ಚಳ ಮಾತ್ರ ಮುಟ್ಟಬಾರ್ದು."

ಹೊರಡುವಾಗ ಅವನ ಬೆರಳು ಅವಳ ಬೆರಳಿಗೆ ತಾಗಿತು. ಮನಸ್ಸಿನಲ್ಲಿ ಇದ್ದದ್ದನ್ನು ಆಗಲೇ ಹೇಳಿಬಿಡಬೇಕಿತ್ತು...

ಜುಲೈ ತಿಂಗಳ ಒಂದು ಗುರುವಾರ, ಕುಂಬ್ರಕ್ಕಿಂತ ಮೊದಲು ಸಿಗುವ ಕಾವು ಎಂಬ ಊರಿನ ಹತ್ತಿರ ಕಾರು ಕುದಿದು ನಿಂತಿತು. ಈ ಸಲ ಫ್ಯಾನ್ ತಿರುಗುತ್ತಿತ್ತು. ಕೆಳಗಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಸುಜಯನಿಗೆ ಕರೆ ಮಾಡಿದರೆ ಸಿಗ್ನಲ್ ಇಲ್ಲ. ಕೈ ಅಡ್ಡ ಹಿಡಿದರೆ ಯಾರೂ ನಿಲ್ಲಿಸುತ್ತಿಲ್ಲ. ಹಿಂದಿನ ಸೀಟಿನಲ್ಲಿ ಅಪ್ಪನ ತುಟಿ ನೀಲಿಯಾಗುತ್ತಿದೆ!

"ಅಪ್ಪಾ! ಕಣ್ಣು ಮುಚ್ಚಬೇಡಿ! ನನ್ನ ನೋಡಿ ಅಪ್ಪಾ!"

ಕೊನೆಗೆ ಒಂದು ಪಿಕಪ್ಪಿನವರು ಹತ್ತಿಸಿಕೊಂಡರು. ಎರಡು ತಾಸು ತಡವಾಗಿತ್ತು. "ಇನ್ನು ಸ್ವಲ್ಪ ಹೊತ್ತಾಗಿದ್ದರೆ..." ಎಂದು ಡಾಕ್ಟರು ಮಾತು ನಿಲ್ಲಿಸಿದರು. ಆ ಅರ್ಧ ಮಾತು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು.

ಸಂಜೆ ಕಾವಿನಲ್ಲಿ ಕಾರು ಬಿಚ್ಚಿದ ಮೆಕ್ಯಾನಿಕ್ ಅಸ್ಕರ್ ತಲೆ ಚಚ್ಚಿಕೊಂಡ. "ಯಾರಕ್ಕ ಇದಕ್ಕೆ ಕೂಲೆಂಟ್ ಹಾಕಿದ್ದು? ಕೂಲೆಂಟಾ ಇದು, ವಿಷವಾ? ರೇಡಿಯೇಟರು ತೂತು ತೂತು ಆಗಿದೆ."

ಯಾರು ಹಾಕಿದ್ದು...? ಒಬ್ಬನೇ ಅಲ್ಲವೇ ಹಾಕಿದ್ದು!

ಅವಳು ಸುಜಯನಿಗೆ ಫೋನ್ ಮಾಡಿ ಒಂದೇ ಉಸಿರಿಗೆ ಹೇಳಿದಳು: "ಎಂತ ಹಾಕಿದ್ರಿ ನೀವು ನನ್ನ ಕಾರಿಗೆ? ನನ್ನ ಅಪ್ಪ ಇವತ್ತು ಹೋಗಿಬಿಡ್ತಿದ್ರು, ಗೊತ್ತುಂಟಾ? ನಂಬಿದ್ದೆ ನಿಮ್ಮನ್ನು!"

ರಾತ್ರಿಯೇ ಅಸ್ಕರ್ ಕಾರನ್ನು ಎಳೆದು ಮನೆಗೆ ತಲುಪಿಸಿದ್ದ. ಮರುದಿನ ಸುಜಯ್ ಹೊಸ ರೇಡಿಯೇಟರು ಹೊತ್ತುಕೊಂಡೇ ಬಂದ. ಕೊಟ್ಟಿಗೆಗೆ ಹೋದ, ಅಪ್ಪನ ಹತ್ತಿರ ಸ್ವಲ್ಪ ಹೊತ್ತು ಕುಳಿತ. ದಿನವಿಡೀ ಕೆಲಸ ಮಾಡಿ, ಅಂಗಳದಲ್ಲಿ ಅವಳ ಎದುರು ತಲೆ ತಗ್ಗಿಸಿ ನಿಂತ.

"ತಪ್ಪು ನನ್ನದೇ ಮೋಕ್ಷಿತಾ. ಕ್ಷಮಿಸಿ."

ಅಷ್ಟೇ! ಒಂದು ನೆಪ ಇಲ್ಲ, ಒಂದು ವಿವರಣೆ ಇಲ್ಲ. ಅವನು ವಾದ ಮಾಡಿದ್ದರೆ ಅವಳು ಕೇಳುತ್ತಿದ್ದಳೋ ಏನೋ. ಒಪ್ಪಿಕೊಂಡದ್ದೇ ಅವಳನ್ನು ಕೊಂದಿತು.

"ಇನ್ನು ನಿಮ್ಮ ಸ್ವರ ನನಗೆ ಕೇಳಬಾರ್ದು. ಹೋಗಿ."

ಅವನು ಹೋದ. ಉಳಿದ ಕೂಲೆಂಟ್ ಕ್ಯಾನನ್ನೂ ತೆಗೆದುಕೊಂಡೇ ಹೋದ.

ಒಂದು ತಿಂಗಳು! ಭಾನುವಾರ ಬಂದರೆ ಕೈ ತನ್ನಷ್ಟಕ್ಕೆ ಫೋನಿಗೆ ಹೋಗುತ್ತಿತ್ತು. ಬಾನೆಟ್ ತೆಗೆಯಲಿಕ್ಕೂ ಮನಸ್ಸಾಗುತ್ತಿರಲಿಲ್ಲ. ಅಪ್ಪ ಬೇರೆ ದಿನಕ್ಕೊಮ್ಮೆ ಅದೇ ರಾಗ: "ನನ್ನಿಂದ ನಿಂಗೆ ಉಪದ್ರ ಮಾತ್ರ ಮಗಾ. ಸಾಕು ಆ ಮೆಷಿನ್ನು. ಬಿಟ್ಟುಬಿಡುವ." ಅವರನ್ನು ಒಪ್ಪಿಸಿ ಕಾರು ಹತ್ತಿಸುವಷ್ಟರಲ್ಲಿ ಅವಳ ಜೀವ ಹೈರಾಣಾಗುತ್ತಿತ್ತು.

ಆ ಸೋಮವಾರ ಬೆಳಿಗ್ಗೆ ಏಳು ಗಂಟೆ. ಕೀ ಹಿಡಿದು ಹೊರಗೆ ಬಂದರೆ ಬಾನೆಟ್ ತೆರೆದಿದೆ! ಅಪ್ಪ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ಪ್ಲಾಸ್ಟಿಕ್ ಮಗ್ ಹಿಡಿದು ನಿಂತಿದ್ದಾರೆ. ಮಗ್ಗಿನ ತಳದಲ್ಲಿ ನೀಲಿ ನೀರು.

"ಎಂತ ಮಾಡ್ತಿದ್ದೀರಿ ಅಪ್ಪ?"

"ಇದಕ್ಕೆ ನೀರು ಕಮ್ಮಿ ಆಗಿತ್ತು ಮಗಾ. ಆ ಹುಡುಗ ಬರದೆ ತಿಂಗಳಾಯ್ತು, ಇನ್ನು ಇದನ್ನು ನೋಡುದು ಯಾರು? ಮೊದಲೂ ನಾನೇ ಹಾಕ್ತಿದ್ದೆ, ಎರಡು ದಿನಕ್ಕೊಮ್ಮೆ. ನಿಂಗೊಂದು ಕೆಲಸ ಕಮ್ಮಿ ಆಗ್ಲಿ ಅಂತ." ಬೋಜಪ್ಪ ನಕ್ಕರು. ಆ ಮುಖದಲ್ಲಿ ನಗು ಕಂಡು ಎಷ್ಟು ದಿನವಾಗಿತ್ತು! "ನನಗಂತೂ ಡಾಕ್ಟರ ಲೆಕ್ಕದಲ್ಲಿ ದಿನಕ್ಕೆ ಮೂರೇ ಲೋಟ ನೀರು. ಇದಾದ್ರೂ ಹೊಟ್ಟೆ ತುಂಬ ಕುಡಿಯಲಿ."

"ಯಾವ... ಯಾವ ಕ್ಯಾನಿನಿಂದ ತೆಗೆದ್ರಿ?"

ಅಪ್ಪ ಕೋಲಿನಿಂದ ಕೊಟ್ಟಿಗೆಯ ಕಡೆ ತೋರಿಸಿದರು.

ಅವಳು ಓಡಿ ಹೋಗಿ ನೋಡಿದಳು. ಸುಜಯ್ ಕೂಲೆಂಟ್ ಕೊಂಡುಹೋದ ಮೇಲೆ ಅಲ್ಲಿದ್ದದ್ದು ಒಂದೇ ನೀಲಿ ಕ್ಯಾನು. ಅಡಿಕೆಗೆ ಕೊಳೆರೋಗದ ಮದ್ದು ಬಿಡಲು ತೋಟದ ಕೆಲಸದ ಜತ್ತಪ್ಪ ಪ್ರತಿ ಮಳೆಗಾಲ ಕೆಲವು ದಿನ ಮುಂಚೆಯೇ ನೀರಲ್ಲಿ ಕರಗಿಸಿಡುವ ಮೈಲುತುತ್ತು! ನೋಡಲಿಕ್ಕೆ ಕೂಲೆಂಟಿನಂತೆಯೇ ನೀಲಿ, ತಿಳಿ. ಅಪ್ಪನ ಮಂಜು ಕಣ್ಣಿಗೆ ಎರಡೂ ಒಂದೇ. ಆದರೆ ಮೈಲುತುತ್ತನ್ನು ಲೋಹದ ಪಾತ್ರೆಗೆ ಹಾಕಬಾರದು, ಪಾತ್ರೆಯನ್ನೇ ತಿಂದುಬಿಡುತ್ತದೆ. ಈ ಊರಿನಲ್ಲಿ ಮಕ್ಕಳಿಗೂ ಗೊತ್ತಿರುವ ಸಂಗತಿ.

ಮೋಕ್ಷಿತಾ ಕ್ಯಾನಿನ ಎದುರು ಕುಕ್ಕರಿಸಿ ಕುಳಿತಳು.

'ಸುಜಯ್... ನೀವಲ್ಲ! ನೀವು ಹಾಕಿದ್ದೇ ಅಲ್ಲ!'

ಅಳಲಿಕ್ಕೆ ಸಮಯ ಎಲ್ಲಿ? ಎರಡೂವರೆ ಗಂಟೆಯೊಳಗೆ ಅಪ್ಪ ಪುತ್ತೂರಿನಲ್ಲಿರಬೇಕು. ಕಾರಿನ ಹೊಟ್ಟೆಯಲ್ಲಿ ವಿಷ ಉಂಟು. ಯಾವ ಮುಖ ಇಟ್ಟುಕೊಂಡು ಅವನನ್ನು ಕರೆಯುವುದು? ಮುಖ ಇಲ್ಲದಿದ್ದರೂ ಬೆರಳು ಆ ನಂಬರನ್ನೇ ಒತ್ತಿತು.

ಒಂದೇ ರಿಂಗಿಗೆ ಎತ್ತಿದ.

"ಮೋಕ್ಷಿತಾ? ಅಪ್ಪ ಹುಷಾರುಂಟಾ?"

ಮೊದಲ ಮಾತೇ ಅದು! ಅವಳು ಕೊಟ್ಟಿಗೆಯಲ್ಲೇ ನಿಂತು ಬಿಕ್ಕುತ್ತಾ ಎಲ್ಲ ಹೇಳಿದಳು.

"ಸ್ಟಾರ್ಟ್ ಮಾಡಿದ್ರಾ?"

"ಇಲ್ಲ..."

"ಬಚಾವ್! ಮಾಡಬೇಡಿ. ದೊಡ್ಡ ಮುಚ್ಚಳ ತೆಗೆದಿದ್ದಾರಾ ಕೇಳಿ."

"ಅದು ಮುಟ್ಟಬಾರ್ದು ಅಂತ ಆ ಹುಡುಗ ಹೇಳಿದ್ದಾನಲ್ಲ!" ಎಂದರು ಅಂಗಳದಲ್ಲಿದ್ದ ಬೋಜಪ್ಪ ಅಭಿಮಾನದಿಂದ.

"ಹಾಗಾದ್ರೆ ವಿಷ ಬಾಟ್ಲಿಯಲ್ಲಿ ಮಾತ್ರ ಉಂಟು, ಒಳಗೆ ಹೋಗಿಲ್ಲ. ಇಂಜಿನ್ ಬಿಸಿಯಾಗಿ ತಣಿದ್ರೆ ಮಾತ್ರ ಅದು ಒಳಗೆ ಎಳೆಯುದು. ಹತ್ತು ನಂಬರಿನ ಸ್ಪ್ಯಾನರ್ ತನ್ನಿ. ಸಪೂರ ಪೈಪು ಎಳೆದು ತೆಗೆಯಿರಿ, ಬಾಟ್ಲಿ ಬಿಚ್ಚಿ, ಬಾವಿಯಿಂದ ದೂರ ಚೆಲ್ಲಿ. ಐದಾರು ಸಲ ತೊಳೆಯಿರಿ. ಪೈಪನ್ನೂ ತೊಳೆದು ಕುದಿಸಿ ಆರಿಸಿದ ನೀರು ಹಾಕಿ, ಪುತ್ತೂರಿಗೆ ಸಾಕು." ಅವನ ಸ್ವರ ತಗ್ಗಿತು. "ಮೋಕ್ಷಿತಾ... ಅಪ್ಪನಿಗೆ ಹೇಳಬೇಡಿ."

ಅವಳ ಕೈ ನಿಂತಿತು. "ನಿಮಗೆ ಗೊತ್ತಿತ್ತಾ?"

"ಮೊದಲು ಬಾಟ್ಲಿ ತೊಳೆಯಿರಿ."

ಅವಳು ತೊಳೆದಳು. ನೀರಿನ ಜೊತೆ ಕಣ್ಣೀರೂ ಹೋಯಿತು.

"ಎಂತಕ್ಕೆ ಮಗಾ ಚೆಲ್ಲಿದ್ದು? ನಾನು ಹಾಕಿದ್ದು ಸರಿ ಆಗ್ಲಿಲ್ವಾ?" ಅಪ್ಪನ ಮುಖ ಬಾಡಿತು. "ನಾನು ಎಂತ ಮಾಡಿದ್ರೂ ಹೀಗೆಯೇ. ನಿಂಗೆ ಉಪದ್ರ..."

ಸತ್ಯ ಅವಳ ನಾಲಿಗೆಯ ತುದಿಯಲ್ಲಿತ್ತು. 'ನೀವೇ ಅಪ್ಪಾ! ಅವತ್ತು ಕಾವಿನಲ್ಲಿ ಆದದ್ದೂ ನಿಮ್ಮಿಂದಲೇ!' ಹೇಳಿದರೆ ಅಪ್ಪ ಇವತ್ತು ಕಾರು ಹತ್ತುವುದಿಲ್ಲ. ಇನ್ನು ಯಾವತ್ತೂ ಹತ್ತುವುದಿಲ್ಲ.

"ಎಲ್ಲ ಸರಿಯೇ ಉಂಟು ಅಪ್ಪ," ಎಂದಳು, ಕಣ್ಣೊರೆಸಿ ನಗುತ್ತಾ. "ಸ್ವಲ್ಪ ಹೆಚ್ಚಾಯ್ತು ಅಷ್ಟೇ. ಇದಕ್ಕೂ ನಿಮ್ಮ ಹಾಗೆ ಅಳತೆಯಲ್ಲೇ ಕುಡಿಯಬೇಕಂತೆ. ಇನ್ನು ನಾನೇ ಹಾಕ್ತೇನೆ."

ಬೋಜಪ್ಪ ಸಮಾಧಾನದಿಂದ ತಲೆಯಾಡಿಸಿದರು. ಒಂದು ಸುಳ್ಳು ಹೇಳುವುದು ಎಷ್ಟು ಭಾರ ಎಂದು ಅವಳಿಗೆ ಆಗ ಗೊತ್ತಾಯಿತು. ಇದನ್ನೇ ಅವನು ಒಂದು ತಿಂಗಳು ಹೊತ್ತಿದ್ದ, ಅವಳ ಬೈಗುಳವನ್ನೂ ಸೇರಿಸಿ!

ಕುಂಬ್ರ ಮುಟ್ಟುವಾಗ ಒಂಬತ್ತು ಗಂಟೆ. ಗ್ಯಾರೇಜಿನ ಎದುರು ಸುಜಯ್ ಬೈಕಿನಲ್ಲಿ ಕಾಯುತ್ತಿದ್ದ. ತುಂಬ ಸೊರಗಿದ್ದ. ಅವಳ ಹಾರ್ನ್ ಈಗ ಸರಿಯಿತ್ತು, ಆದರೂ ಅವಳು ಒತ್ತಲಿಲ್ಲ. ಅವನು ಬೈಕು ಮುಂದೆ ಬಿಟ್ಟ. ಪೀಂ ಪೀಂ! ದರ್ಬೆ ದಾಟಿ, ಪೇಟೆ ದಾಟಿ, ಆಸ್ಪತ್ರೆಯ ಗೇಟಿನವರೆಗೆ.

"ಹುಡುಗ ಬಂದನಾ?" ಎಂದರು ಹಿಂದಿನಿಂದ ಬೋಜಪ್ಪ. "ಒಳ್ಳೇದಾಯ್ತು."

ಅಪ್ಪ ಒಳಗೆ ಮಲಗಿದ ಮೇಲೆ ಅವಳು ಪಾರ್ಕಿಂಗಿಗೆ ಓಡಿ ಬಂದಳು. ಅವನು ಬಾನೆಟ್ ತೆಗೆದು ಬಗ್ಗಿದ್ದ.

"ಎಂತಕ್ಕೆ ಹೇಳಲಿಲ್ಲ?" ಅವಳು ಅವನ ತೋಳು ಹಿಡಿದು ತಿರುಗಿಸಿದಳು. "ನಾನು ಅಷ್ಟು ಬೈದೆ! ಹೋಗಿ ಅಂದೆ! ಒಂದು ಮಾತು ಹೇಳಬಹುದಿತ್ತಲ್ಲ!"

"ಅವತ್ತು ನಿಮ್ಮಪ್ಪನೇ ಹೇಳಿದ್ರು, 'ಬಾಟ್ಲಿಗೆ ನಾನೇ ಹಾಕ್ತಿದ್ದೆ' ಅಂತ. ತೋರಿಸಿದ್ದು ಮೈಲುತುತ್ತಿನ ಕ್ಯಾನು. ಅದೇ ಉಸಿರಲ್ಲಿ ಅತ್ತರು. 'ಕಾರು ಒಂದು ನೆಟ್ಟಗಿದ್ರೆ ಡಯಾಲಿಸಿಸಿಗೆ ಹೋಗ್ತಿದ್ದೆ. ಇನ್ನು ಅವಳನ್ನು ದಾರಿಯಲ್ಲಿ ನಿಲ್ಲಿಸಲಿಕ್ಕೆ ನಂಗೆ ಮನಸ್ಸಿಲ್ಲ' ಅಂತ." ಅವನು ಕೈ ಒರೆಸಿಕೊಂಡ. "ನಿಲ್ಲಿಸಿದ್ದು ಅವರೇ ಅಂತ ನಾನು ಹೇಗೆ ಹೇಳುದು? ನಿಮಗೆ ಹೇಳಿದ್ರೆ ಆ ಸಿಟ್ಟಿನಲ್ಲಿ ನಿಮ್ಮ ಬಾಯಿಂದ ಬಂದುಬಿಡ್ತಿತ್ತು. ಆ ನೀರನ್ನು ನಾನೇ ಚೆಲ್ಲಿದೆ, ಇನ್ನು ನೀವು ಹಾಕಬೇಡಿ ಅಂತ ಮಾತ್ರ ಅವರಿಗೆ ಹೇಳಿದೆ. ಜತ್ತಪ್ಪಣ್ಣ ಪುನಃ ಕರಗಿಸಿಡ್ತಾರೆ ಅಂತ ಹೊಳೆಯಲಿಲ್ಲ. ಅದೊಂದು ನನ್ನ ತಪ್ಪೇ."

"ಮತ್ತೆ ನಾನು ಯಾವತ್ತೂ ಕರೆಯದಿದ್ರೆ?"

"ಕರೆಯದಿದ್ರೆ... ಕಾರು ಸರಿ ಉಂಟು ಅಂತ ಅಂದುಕೊಳ್ತಿದ್ದೆ." ಅವನು ನಗಲು ನೋಡಿದ, ಆಗಲಿಲ್ಲ. "ಭಾನುವಾರ ಮಾತ್ರ ಕಷ್ಟ ಆಗ್ತಿತ್ತು. ಹಳೇ ಸದ್ದುಗಳನ್ನೇ ಕೇಳ್ತಾ ಕೂತಿರ್ತಿದ್ದೆ. ಇಂಜಿನ್ ಆಫ್ ಮಾಡಿದ ಮೇಲೆ 'ಕೇಳಿತಾ?' ಅಂತ ಕೇಳ್ತಿದ್ರಲ್ಲ ನೀವು... ಅದನ್ನು."

ಅವಳಿಗೆ ಇನ್ನು ತಡೆಯಲಾಗಲಿಲ್ಲ. ಗ್ರೀಸು ಮೆತ್ತಿದ ಆ ಅಂಗಿಗೇ ಮುಖ ಒತ್ತಿ ಅತ್ತಳು. ಅವನು ಕಪ್ಪಾದ ಕೈಗಳನ್ನು ಅವಳಿಗೆ ತಾಗದ ಹಾಗೆ ಗಾಳಿಯಲ್ಲೇ ಎತ್ತಿ ಹಿಡಿದು ನಿಂತ, ಪಾಪ!

"ಕೈ ಕೊಳೆ ಉಂಟು ಮೋಕ್ಷಿತಾ..."

"ಇರ್ಲಿ."

ಕೈಗಳು ಕೆಳಗಿಳಿದವು.

"ಸುಜಯ್, ಅಪ್ಪನಿಗೆ ಇವತ್ತು ನಾನೂ ಸುಳ್ಳು ಹೇಳಿದೆ. ತುಂಬಾ ಕಷ್ಟ. ಒಬ್ಬಳಿಂದ ಆಗುದಿಲ್ಲ. ಮನೆಯಲ್ಲಿ ಇನ್ನೊಬ್ಬರು ಬೇಕು."

"ಎಷ್ಟು ದಿನಕ್ಕೆ?"

"ಅಪ್ಪ ಇರುವಷ್ಟು ದಿನ..." ಅವಳು ತಲೆಯೆತ್ತಿ ಅವನ ಕಣ್ಣು ನೋಡಿದಳು. "ಆಮೇಲೂ."

ಅವನು ಇಂಜಿನಿನ ಸದ್ದಿಗೆ ಕಿವಿ ಕೊಡುವವನ ಹಾಗೆ ತಲೆ ವಾಲಿಸಿದ.

"ಕೇಳಿತಾ?" ಎಂದಳು ಮೋಕ್ಷಿತಾ.

"ಕೇಳಿತು."