ಸೋಗೆಹಳ್ಳಿಯ ಕೊಡದ ಸಾಲು

ಬಹಳ ಹಿಂದೆ, ಗಿಳಿಗಳೂ ಗಾದೆ ಹೇಳುತ್ತಿದ್ದ ಕಾಲದಲ್ಲಿ, ಒಂದು ದೊಡ್ಡ ರಾಜ್ಯವಿತ್ತು. ಅದರ ಗಡಿಯಲ್ಲಿ ಸೋಗೆಹಳ್ಳಿ ಎಂಬ ಊರು. ಮನೆಗಳೆಲ್ಲ ಹುಲ್ಲುಮಾಡಿನವು, ಒಂದು ಕಿಡಿ ಹಾರಿದರೆ ಸಾಕು. ಬೆಂಕಿ ನಂದಿಸಲು ಅರಸನ ಬಳಿ ಆನೆ ಎಳೆಯುವ ನೀರಿನ ಬಂಡಿಗಳಿದ್ದವು, ನಿಜ. ರಾಜಧಾನಿಯಿಂದ ಅವು ಬರಲು ಮೂರು ದಿನ ಬೇಕು. ಅಷ್ಟರಲ್ಲಿ ಸುಟ್ಟ ಮನೆಗಳ ಬೂದಿಯಲ್ಲೇ ಊರವರು ಪಾತ್ರೆ ತಿಕ್ಕಿ ಮುಗಿಸಿರುತ್ತಿದ್ದರು.

ಅದಕ್ಕೇ ಊರವರು ತಾವೇ ಒಂದು ಕಟ್ಟುಪಾಡು ಮಾಡಿಕೊಂಡಿದ್ದರು. ಮನೆಗೊಂದು ಆಳು, ಆಳಿಗೊಂದು ಕೊಡ. ತಮಟೆ ಬಡಿದ ಕೂಡಲೇ ಕೆರೆಯಿಂದ ಬೆಂಕಿಯವರೆಗೆ ಸಾಲಾಗಿ ನಿಂತು, ಕೈಯಿಂದ ಕೈಗೆ ಕೊಡ ದಾಟಿಸಬೇಕು. ಯಾರ ಮನೆ ಎಂದು ಕೇಳುವಂತಿಲ್ಲ. ಬೆಂಕಿ ಆರುವ ತನಕ ಸಾಲು ಬಿಡುವಂತಿಲ್ಲ, ತನ್ನ ಮನೆಯೇ ಹತ್ತಿಕೊಂಡರೂ ಅಷ್ಟೇ. ಸಾಲಿನ ತುದಿಯಲ್ಲಿ, ಬೆಂಕಿಗೆ ಮುಖಕೊಟ್ಟು ನಿಲ್ಲುತ್ತಿದ್ದವಳು ಕುಂಬಾರರ ಮಾಳವ್ವ. ಬಲು ಗಟ್ಟಿಗಿತ್ತಿ.

ಊರಾಚೆಯ ಗುಡ್ಡದ ಮೇಲೆ ಕರಿಧೂಪ ಎಂಬ ಮಾಂತ್ರಿಕನಿದ್ದ. ಊರ ಕೆರೆ ತನಗೆ ಬೇಕೆಂದ, ಊರವರು ಕೊಡಲಿಲ್ಲ. ಸಿಟ್ಟಿಗೆದ್ದವನು ಮಂತ್ರ ಹಾಕಿ ತನ್ನ ಹಟ್ಟಿಯ ಕೋಣವನ್ನು ಬೆಂಕಿಯ ಕೋಣ ಮಾಡಿದ. ಅದು ಮೂಸಿದ್ದೆಲ್ಲ ಹತ್ತಿಕೊಳ್ಳುತ್ತಿತ್ತು. ಉರಿದದ್ದೇ ಅದಕ್ಕೆ ಮೇವು.

ಮೊದಲ ಸಲ ಕೋಣ ಗೌಡರ ಬಣವೆ ಮೂಸಿತು. ಗೌಡರೋ, ಒಂದು ದಿನವೂ ಸಾಲಿಗೆ ಆಳು ಕಳಿಸಿದವರಲ್ಲ. ಜನ ಗೊಣಗಿದರು, ಗೊಣಗುತ್ತಲೇ ಕೊಡ ದಾಟಿಸಿದರು. ಬಣವೆ ಉಳಿಯಿತು.

ಎರಡನೆಯ ಸಲ ಮಾಂತ್ರಿಕ ಉಪಾಯ ಹೂಡಿದ. ನೇಕಾರರ ಕೇರಿಗೆ ಬೆಂಕಿ ಹಚ್ಚಿಸಿ, ಸಾಲು ಅಲ್ಲಿ ನಿಂತಿರುವಾಗ ಕೋಣವನ್ನು ಮಾಳವ್ವನ ಮನೆಗೆ ಅಟ್ಟಿದ. ಅವಳು ಓಡಿದರೆ ಸಾಲು ಮುರಿಯುತ್ತದೆ, ಕೇರಿ ಬೂದಿಯಾಗುತ್ತದೆ ಎಂದುಕೊಂಡಿದ್ದ. ಮಾಳವ್ವ ತಿರುಗಿ ನೋಡಿದಳು. ಮನೆ, ಮಡಕೆಗಳು, ತೀರಿಹೋದ ಗಂಡ ತಿರುಗಿಸುತ್ತಿದ್ದ ತಿಗರಿ, ಎಲ್ಲ ಉರಿಯುತ್ತಿತ್ತು. ಆದರೂ ಮುಂದಿನ ಕೊಡಕ್ಕೆ ಕೈ ಚಾಚಿದಳು. ಕೇರಿ ಉಳಿಯಿತು, ಅವಳ ಮನೆ ಉಳಿಯಲಿಲ್ಲ.

ಕೋಣಕ್ಕೆ ಆ ಒಂದು ಗುಡಿಸಲು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಮಾರನೆಯ ಬೆಳಿಗ್ಗೆ ಹಸಿವು ತಾಳದೆ ಅದು ಮಾಂತ್ರಿಕನ ಮನೆಯನ್ನೇ ಮೂಸಿತು. ಅವನು ಮಂತ್ರದ ಮೇಲೆ ಮಂತ್ರ ಹೇಳಿದ, ಕೋಣ ಕಿವಿಗೆ ಹಾಕಿಕೊಳ್ಳಲಿಲ್ಲ. ಒಳಗೆ ಅವನ ಮುದಿತಾಯಿ ಸಿಕ್ಕಿಬಿದ್ದಿದ್ದಳು. ಅವನು ಎದ್ದೆನೋ ಬಿದ್ದೆನೋ ಎಂದು ಗುಡ್ಡ ಇಳಿದು ಬಂದು, ತಾಯಿ ಒಳಗಿದ್ದಾಳೆ ಎಂದು ಕೂಗುತ್ತ ತಾನೇ ತಮಟೆ ಬಡಿದ.

ಜನ ಕೊಡ ಹಿಡಿದು ಓಡಿ ಬಂದರು. ಇವನನ್ನು ಕಂಡು ಕೊಡ ಕೆಳಗಿಟ್ಟರು. ಮಾಡಿದ್ದುಣ್ಣೋ ಮಹರಾಯ ಎಂದರು ಕೆಲವರು. ಎಲ್ಲರೂ ಮಾಳವ್ವನ ಮುಖ ನೋಡಿದರು. ಅವನ ಕತ್ತು ಹಿಸುಕುವಷ್ಟು ಸಿಟ್ಟು ಅವಳಿಗೂ ಇತ್ತು, ಸುಳ್ಳೇಕೆ ಹೇಳಲಿ.

"ಸಿಟ್ಟು ಆಮೇಲೆ ಮಾಡೋಣ," ಎಂದಳು ಮಾಳವ್ವ. "ಅಜ್ಜಿ ಒಳಗಿದ್ದಾಳೆ."

ಸಾಲು ಗುಡ್ಡ ಹತ್ತಿತು. ಕೆರೆ ದೂರ, ಎಷ್ಟು ಎಳೆದರೂ ಒಂದು ಆಳು ಕಡಿಮೆ ಬಿತ್ತು. ನಡುವಿನ ಆ ಜಾಗಕ್ಕೆ ಬಂದು ನಿಲ್ಲಲು ಮಾಳವ್ವ ಮಾಂತ್ರಿಕನಿಗೆ ಹೇಳಿದಳು. ಜನ್ಮದಲ್ಲಿ ಒಂದು ಚೊಂಬು ನೀರು ಎತ್ತದವನು ಕೈಯೊಡ್ಡಿ ಕೊಡ ದಾಟಿಸಿದ. ಮಂತ್ರ ಹಾಕಿದ ಕೈಯೇ ಮುಟ್ಟಿದ ನೀರು ಬಿದ್ದದ್ದೇ ತಡ, ಕೋಣದ ಮೈಯ ಬೆಂಕಿ ಚುಂಯ್ಯೆಂದು ಆರಿತು. ಅದು ಒದ್ದೆ ಮೈ ಕೊಡವಿಕೊಂಡು ಮಾಮೂಲಿ ಕೋಣವಾಗಿ ಹುಲ್ಲು ಮೇಯತೊಡಗಿತು.

ಮನೆಯ ಬೆಂಕಿಯೂ ಆರಿದ ಕೂಡಲೇ ಮಾಳವ್ವ ಹೊಗೆಯೊಳಗೆ ನುಗ್ಗಿ ಅಜ್ಜಿಯನ್ನು ಬೆನ್ನ ಮೇಲೆ ಹೊತ್ತು ತಂದಳು. ಹೊರಗೆ ಜನರ ಮಾತಿನಲ್ಲಿ ಅಜ್ಜಿಗೆ ಎಲ್ಲ ತಿಳಿಯಿತು. ಅವಳು ಕೆಮ್ಮಿ ಕೆಮ್ಮಿ ಸುಧಾರಿಸಿಕೊಂಡು ಮಗನ ಕಡೆ ತಿರುಗಿದಳು.

"ಇವಳ ಮನೆ ಸುಟ್ಟವನು ನೀನೇ ಏನೋ?"

ಅವನು ತಲೆ ತಗ್ಗಿಸಿದ.

"ಹಾಗಾದರೆ ಮೊದಲು ಇವಳದ್ದು ಕಟ್ಟು. ಅಲ್ಲಿವರೆಗೆ ನಾನು ಮರದ ಕೆಳಗಿರ್ತೀನಿ."

ಮಾಂತ್ರಿಕ ಗಳಗಳ ಅತ್ತುಬಿಟ್ಟ. ಆಮೇಲೆ ಮಂತ್ರದ ಓಲೆಗಳನ್ನು ಹರಿದೆಸೆದು ಮಣ್ಣು ಕಲಸಲು ಇಳಿದ. ಕೋಣ ಕೆಸರು ತುಳಿಯಿತು, ಗೌಡರು ಬಣವೆ ಬಿಚ್ಚಿ ಮಾಡಿಗೆ ಹುಲ್ಲು ಕೊಟ್ಟರು, ನೇಕಾರರು ಹೊಸ ಸೀರೆ ತಂದರು. ಒಂಬತ್ತನೆಯ ದಿನ ಮಾಳವ್ವ ಹೊಸ ಒಲೆ ಹಚ್ಚಿ, ಅಜ್ಜಿಯನ್ನು ಕೈಹಿಡಿದು ಒಳಗೆ ಕರೆದುಕೊಂಡು ಬಂದು, ಮೊದಲ ತುತ್ತು ಅವಳಿಗೇ ಉಣಿಸಿದಳು. ಸೋಗೆಹಳ್ಳಿಯವರು ಹೊಟ್ಟೆತುಂಬ ಉಂಡು ಕಣ್ತುಂಬ ನಿದ್ದೆ ಮಾಡಿ ಬಹುಕಾಲ ಸುಖವಾಗಿದ್ದರು. ಕೇಳಿದ ನೀವೂ ಹಾಗೇ ಇರಿ.